ಮಾರ್ಚ್ ತಿಂಗಳ ಹಿಮ



ನಮ್ಮ ಕಡೆ ಆಲಿಕಲ್ಲು ಬಿದ್ದರೆ ಅದೇ ದೊಡ್ಡ ಸುದ್ದಿ. ಹೀಗಿರುವಾಗ ಹಿಮದ ಮಾತು ನಮಗೇಕೆ ಎಂದು ನೀವು ಕೇಳಬಹುದು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರು ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ಮಹಾರಾಷ್ಟ್ರಗಳವರು. ಈ ಕಾರ್ಯಕ್ರಮ ಕೇಳುವ ನಮ್ಮಲ್ಲಿ ಬಹುಪಾಲು ಜನರ ರಾಜ್ಯಗಳೂ ಅವೇ. ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಾಗಾಗಿ ಹಿಮದ ಮಾತು ನಮ್ಮ ಮನೆಯ ಮಾತೂ ಹೌದು.

ಸಿಯಾಚಿನ್‌ನದು ಕಡು ಚಳಿಗಾಲದ ಸಂಗತಿ. ಇನ್ನೇನು ಚಳಿ ಮುಗಿಯಿತು ಎಂದು ಜನ ಉಸಿರು ಬಿಡುವ ಹೊತ್ತಿಗೆ, ವಸಂತದ ಹೊಸ್ತಿಲಲ್ಲಿ ಬರುವ ಹಿಮದ ಬಿರುಗಾಳಿ ಇನ್ನೊಂದು ಬಗೆಯಲ್ಲಿ ಮೋಸದ್ದು. ಹಳೆಯ ಹಿಮ ಹಗಲ ಬಿಸಿಲಿಗೆ ಕರಗಿ, ರಾತ್ರಿ ಹೆಪ್ಪುಗಟ್ಟಿ ನುಣುಪಾಗಿರುತ್ತದೆ. ಅದರ ಮೇಲೆ ಹೊಸ ಹಿಮ ಅಡಿಗಟ್ಟಲೆ ಬೀಳುತ್ತದೆ. ಗಾಳಿ ಬೆಚ್ಚಗಾದರೆ, ಮಳೆ ಹನಿದರೆ ಆ ಹಿಮ ನೀರು ಕುಡಿದು ಭಾರವಾಗುತ್ತದೆ. ಪಾಚಿಗಟ್ಟಿದ ಮಾಡಿನ ಮೇಲೆ ಒದ್ದೆ ಹುಲ್ಲಿನ ಹೊರೆ ಇಟ್ಟರೆ ಏನಾದೀತು? ಇಲ್ಲಿಯೂ ಅದೇ ಆಗುತ್ತದೆ.

1910ರ ಫೆಬ್ರವರಿ ಕೊನೆಯ ವಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತಗಳಲ್ಲಿ ಗ್ರೇಟ್ ನಾರ್ದರ್ನ್ ಕಂಪನಿಯ ಎರಡು ರೈಲುಗಳು, ಒಂದು ಪ್ರಯಾಣಿಕರದು, ಒಂದು ಅಂಚೆಯದು, ವೆಲ್ಲಿಂಗ್ಟನ್ ಎಂಬ ಪುಟ್ಟ ನಿಲ್ದಾಣದಲ್ಲಿ ಸಿಕ್ಕಿಬಿದ್ದವು. ಮುಂದೆಯೂ ಹಿಮ, ಹಿಂದೆಯೂ ಹಿಮ. ತಂತಿ ಕಂಬಗಳು ಉರುಳಿದವು. ಮೇಲಿನ ಇಳಿಜಾರಿನ ಮರಗಳು ಹಿಂದೆಯೇ ಬೆಂಕಿಗೆ ಸುಟ್ಟುಹೋಗಿದ್ದರಿಂದ ಹಿಮವನ್ನು ತಡೆಯುವ ಬೇರಿರಲಿಲ್ಲ. ಹೆದರಿದ ಕೆಲವು ಪ್ರಯಾಣಿಕರು ಕೊನೆಗೆ ನಡೆದೇ ಬೆಟ್ಟವಿಳಿದು ಬದುಕಿಕೊಂಡರು. ಉಳಿದವರು ಡಬ್ಬಿಗಳಲ್ಲೇ ಕಾದರು. ಮಾರ್ಚ್ 1ರ ನಡುರಾತ್ರಿ ಕಳೆದು ಒಂದು ಗಂಟೆ ದಾಟಿತ್ತು. ಹಿಮ ನಿಂತು ಮಳೆ, ಗುಡುಗು ಶುರುವಾಗಿತ್ತು. ಇಡೀ ಇಳಿಜಾರು ಕಳಚಿ ಬಂದು ಎರಡೂ ರೈಲುಗಳನ್ನು ಕೆಳಗಿನ ಕಣಿವೆಗೆ ನೂಕಿತು. ಸತ್ತವರು 96 ಮಂದಿ. ಅವರಲ್ಲಿ ಹೆಚ್ಚಿನವರು ರೈಲ್ವೆಯ ಕೆಲಸಗಾರರೇ.

ಮೂರೇ ದಿನ ಕಳೆದಿತ್ತು. ಮಾರ್ಚ್ 4ರ ರಾತ್ರಿ ಕೆನಡಾದ ರೋಜರ್ಸ್ ಪಾಸ್ ಎಂಬ ಕಣಿವೆ ದಾರಿಯಲ್ಲಿ, ಹಳಿಯ ಮೇಲೆ ಕುಸಿದಿದ್ದ ಹಿಮವನ್ನು ಕೂಲಿಗಳು ಸಲಿಕೆ ಹಿಡಿದು ತೆಗೆಯುತ್ತಿದ್ದರು. ಮೊದಲ ಕುಸಿತ ಒಂದು ಬೆಟ್ಟದಿಂದ ಬಂದಿತ್ತು. ಎರಡನೆಯದು ಎದುರಿನ ಬೆಟ್ಟದಿಂದ ಬಂತು. 58 ಮಂದಿ ಸತ್ತರು. ಅವರಲ್ಲಿ 32 ಮಂದಿ ಜಪಾನಿನಿಂದ ದುಡಿಯಲು ಬಂದವರು. ಊರು ಬಿಟ್ಟು, ತಾಯ್ನುಡಿ ಬಿಟ್ಟು, ಪರರ ನೆಲದಲ್ಲಿ ದಾರಿ ಬಿಡಿಸುತ್ತ ಹೋದವರು.

ವೆಲ್ಲಿಂಗ್ಟನ್ ದುರಂತ ಕೋರ್ಟಿಗೆ ಹೋಯಿತು. ಜ್ಯೂರಿ ಕಂಪನಿಯ ಅಜಾಗ್ರತೆಯೆಂದಿತು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಇದು ದೈವದ ಕೆಲಸ ಎಂಬ ವಾದವನ್ನು ಒಪ್ಪಿತು. ಆದರೆ ಕಂಪನಿ ದೈವವನ್ನು ನಂಬಿ ಸುಮ್ಮನಿರಲಿಲ್ಲ. ಹಳಿಯ ಮೇಲೆ ಹಿಮ ತಡೆಯುವ ಮಾಡುಗಳನ್ನು ಕಟ್ಟಿತು. 1929ರಲ್ಲಿ ಇನ್ನೂ ಕೆಳಗೆ 7.8 ಮೈಲಿಯ ಸುರಂಗವನ್ನೇ ತೆರೆಯಿತು. ಕೆನಡಾದವರೂ 1916ರಲ್ಲಿ ಕನಾಟ್ ಸುರಂಗ ತೆರೆದರು. ದೈವದ ಕೆಲಸಕ್ಕೆ ಮನುಷ್ಯ ಮಾಡು ಕಟ್ಟಬಹುದಾದರೆ, ಅದನ್ನು ಮೊದಲೇ ಕಟ್ಟಬಹುದಿತ್ತಲ್ಲವೇ? ನೀವೇ ಯೋಚಿಸಿ.

ನಮ್ಮ ದೇಶವೂ ಕೈಕಟ್ಟಿ ಕುಳಿತಿಲ್ಲ. ಹಿಮಕುಸಿತದ ಅಧ್ಯಯನಕ್ಕೆ 1969ರಲ್ಲೇ ಮನಾಲಿಯಲ್ಲಿ ಸಂಸ್ಥೆಯೊಂದು ಶುರುವಾಯಿತು. 2020ರಲ್ಲಿ ಅದು ಇನ್ನೊಂದು ಸಂಸ್ಥೆಯ ಜೊತೆ ಸೇರಿ ಹೊಸ ಹೆಸರು ಪಡೆಯಿತು. ಆದರೂ 2021ರ ಏಪ್ರಿಲ್ 23ರಂದು, ನಮ್ಮಲ್ಲಿ ಬಿರುಬಿಸಿಲಿರುವಾಗ, ಉತ್ತರಾಖಂಡದ ಸುಮ್ನಾದಲ್ಲಿ ಗಡಿ ರಸ್ತೆ ಸಂಸ್ಥೆಯ ಶಿಬಿರದ ಮೇಲೆ ಹಿಮ ಕುಸಿಯಿತು. 384 ಮಂದಿಯನ್ನು ಸೇನೆ ಉಳಿಸಿತು. ಹತ್ತಕ್ಕೂ ಹೆಚ್ಚು ಜನ ಉಳಿಯಲಿಲ್ಲ. 2025ರ ಫೆಬ್ರವರಿ 28ರಂದು ಬದರೀನಾಥದ ಹತ್ತಿರದ ಮಾಣಾದಲ್ಲಿ 54 ಕಾರ್ಮಿಕರು ಹಿಮದಡಿ ಸಿಕ್ಕಿದರು. 46 ಮಂದಿ ಬದುಕಿದರು, 8 ಮಂದಿ ಸತ್ತರು. ಹಿಂದಿನ ದಿನವೇ ಆ ಜಿಲ್ಲೆಗೆ ಹಿಮಕುಸಿತದ ಮುನ್ಸೂಚನೆ ಹೊರಟಿತ್ತು. ಶಿಬಿರ ಮಾತ್ರ ಇಳಿಜಾರಿನ ಕೆಳಗೇ ಇತ್ತು.

ಹಿಮ ಬೀಳುವುದನ್ನು ಯಾರೂ ತಡೆಯಲಾರರು. ಅದರ ಕೆಳಗೆ ಯಾರನ್ನು ಮಲಗಿಸಬೇಕೆಂಬುದನ್ನು ಮಾತ್ರ ಮನುಷ್ಯರೇ ತೀರ್ಮಾನಿಸುತ್ತಾರೆ. ನಿಮ್ಮ ಮನೆಯ ಹುಡುಗ ಸೇನೆಗೋ ರಸ್ತೆ ಕೆಲಸಕ್ಕೋ ಆ ಕಡೆ ಹೋದರೆ ಸಂಬಳ ಎಷ್ಟೆಂದು ಕೇಳುವುದರ ಜೊತೆಗೆ, ಮಲಗುವ ಜಾಗ ಎಲ್ಲಿ, ಮುನ್ಸೂಚನೆ ಯಾವ ಭಾಷೆಯಲ್ಲಿ ಬರುತ್ತದೆ ಎಂದೂ ಕೇಳಿ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಈ ಎರಡನೆಯ ಪ್ರಶ್ನೆಯ ಬೆಲೆ ಚೆನ್ನಾಗಿ ಗೊತ್ತು.