ಕಹಳೆಯಿಂದ ಮೈಕ್ರೊಫೋನಿಗೆ

1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗ ಗಾನಮುದ್ರಣಕ್ಕೆ ಮೈಕ್ರೊಫೋನು ಇನ್ನೂ ಬಂದಿರಲಿಲ್ಲ. ಕಹಳೆಯೊಂದರ ಬಾಯಿಗೆ ಹಾಡಬೇಕು. ಆ ದನಿಯ ಬಲವೇ ಸೂಜಿಯನ್ನು ನಡುಗಿಸಿ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯಬೇಕು. ಗಟ್ಟಿ ಕಂಠಕ್ಕೆ ಅಲ್ಲಿ ಮನ್ನಣೆ. ವೀಣೆಯಂಥ ಮೆಲುದನಿಯ ವಾದ್ಯದ ನವುರೆಲ್ಲ ಬಹುಮಟ್ಟಿಗೆ ಕಹಳೆಯ ಹೊರಗೇ ಉಳಿಯುತ್ತಿತ್ತು.

1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಕಂಡೆನ್ಸರ್ ಮೈಕ್ರೊಫೋನನ್ನು ರೂಪಿಸಿದರು. ಅದರಿಂದ ಹೊರಡುವ ವಿದ್ಯುತ್ತಾದರೋ ಅತ್ಯಲ್ಪ. ಅದನ್ನು ಮಗ್ಗುಲಲ್ಲೇ ವಾಲ್ವಿನಿಂದ ಹಿಗ್ಗಿಸುವ ಪೂರ್ವವರ್ಧಕ ಬೇಕಾಯಿತು. 1925ರಲ್ಲಿ ವಿದ್ಯುತ್ ಮುದ್ರಣ ಗ್ರಾಮಫೋನ್ ಕಂಪನಿಗಳಲ್ಲಿ ನೆಲೆಗೊಂಡಿತು, ಪಿಸುದನಿಯೂ ತಟ್ಟೆಗೇರಿತು. ಆದರೆ ಈ ಮೊದಲ ಮೆಟ್ಟಿಲಲ್ಲಿ ಸೇರಿದ ಗೊರಗೊರವನ್ನು ಮುಂದಿನ ವರ್ಧಕಗಳೆಲ್ಲ ನಾದದೊಡನೆಯೇ ಹಿಗ್ಗಿಸುತ್ತವೆ. ಆದ್ದರಿಂದ ಪೂರ್ವವರ್ಧಕವನ್ನು ಆರಿಸುವವರು ಇಂದಿಗೂ ಮೊದಲು ಆಲಿಸಬೇಕಾದುದು ಅದರ ಮೌನವನ್ನು.