ಎಸ್. ವಿ. ಸುನಿಲ್

ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್ (ಜನನ: 6 ಮೇ 1989) ಭಾರತ ಪುರುಷರ ಹಾಕಿ ತಂಡದಲ್ಲಿ ಬಲ ಅಂಚಿನಿಂದ ಆಡಿದ ಮುಂಪಡೆ ಆಟಗಾರ. ಕೊಡಗು ಜಿಲ್ಲೆಯ ಸೋಮವಾರಪೇಟೆಯವರು. 2007ರಿಂದ 2021ರವರೆಗೆ ಹದಿನಾಲ್ಕು ವರ್ಷ ದೇಶಕ್ಕಾಗಿ ಆಡಿದರು; 2022ರಲ್ಲಿ ಮತ್ತೊಮ್ಮೆ ಮರಳಿದರು. 2021ರಲ್ಲಿ ನಿವೃತ್ತಿ ಘೋಷಿಸಿದಾಗ ಅವರ ಹೆಸರಿನಲ್ಲಿ 264 ಪಂದ್ಯ, 72 ಗೋಲು ಇದ್ದವು. 2012ರ ಲಂಡನ್ ಮತ್ತು 2016ರ ರಿಯೊ ಒಲಿಂಪಿಕ್ಸ್‌ಗಳಲ್ಲಿ ಪಾಲ್ಗೊಂಡರು. 2014ರ ಏಷ್ಯನ್ ಕ್ರೀಡಾಕೂಟದ ಚಿನ್ನ, 2007 ಮತ್ತು 2017ರ ಏಷ್ಯಾ ಕಪ್ ಗೆದ್ದ ತಂಡಗಳಲ್ಲಿದ್ದರು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಕೊಡಗಿನ ಹಾಕಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಆ ಹಬ್ಬಕ್ಕೆ ಇಂದು ನೂರಾರು ಒಕ್ಕಗಳು (ಕೊಡವ ಕುಟುಂಬಗಳು) ತಂಡ ಕಟ್ಟಿಕೊಂಡು ಬರುತ್ತವೆ. ಆದರೆ ಜಿಲ್ಲೆಯ ಹಾಕಿ ಅಷ್ಟಕ್ಕೇ ಮುಗಿಯುವುದಿಲ್ಲ. ಉತ್ತರ ಕೊಡಗಿನ ಕಾಫಿ ತೋಟಗಳ ನಡುವಿನ ಸೋಮವಾರಪೇಟೆಗೆ ಅದರದೇ ಪರಂಪರೆಯಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಎತ್ತಿದ ಭಾರತ ತಂಡಗಳ ಮುಂಪಡೆಯಲ್ಲಿದ್ದ ಬಿ. ಪಿ. ಗೋವಿಂದ ಈ ಊರಿನವರು. 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದ ಅರ್ಜುನ್ ಹಾಲಪ್ಪನವರೂ ಇಲ್ಲಿಯವರೇ. ಇಷ್ಟು ಚಿಕ್ಕ ಪೇಟೆಯೊಂದು ಮೂರು ತಲೆಮಾರುಗಳಲ್ಲಿ ಮೂವರು ಒಲಿಂಪಿಯನ್ನರನ್ನು ಕೊಟ್ಟಿರುವುದು ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಗಮನ ಪಡೆದಿಲ್ಲ. ಆ ಸಾಲಿನ ಮೂರನೆಯವರಾದ ಸುನಿಲ್ ಬಡತನದಲ್ಲಿ ಬೆಳೆದರು. ಹಾಕಿ ಸ್ಟಿಕ್ ಕೊಳ್ಳುವ ಶಕ್ತಿ ಮನೆಯವರಿಗೆ ಇರಲಿಲ್ಲ. ಎಳವೆಯಲ್ಲಿ ಬಿದಿರಿನ ಕೋಲು ಹಿಡಿದೇ ಆಟ ಕಲಿತರು.

ಭಾರತ ತಂಡಕ್ಕೆ ಅವರು ಬಂದದ್ದು 2007ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ. ಚೆನ್ನೈನ ಏಷ್ಯಾ ಕಪ್ ಫೈನಲಿನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7–2ರಿಂದ ಸೋಲಿಸಿತು. ಹೊಸ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿರಲಿಲ್ಲ. ಆದರೆ ಆರೇ ತಿಂಗಳಲ್ಲಿ ಎಲ್ಲ ತಲೆಕೆಳಗಾಯಿತು. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಅರ್ಹತಾ ಟೂರ್ನಿಯ ಫೈನಲಿನಲ್ಲಿ ಭಾರತ ಬ್ರಿಟನ್‌ಗೆ 0–2ರಿಂದ ಸೋತಿತು. 1928ರಿಂದ ಒಮ್ಮೆಯೂ ತಪ್ಪದ ಒಲಿಂಪಿಕ್ಸ್ ಬೀಜಿಂಗ್‌ನಲ್ಲಿ ತಪ್ಪಿತು. ಮರುತಿಂಗಳೇ ಭಾರತೀಯ ಹಾಕಿ ಫೆಡರೇಷನ್ ಅಮಾನತಾಯಿತು. 2009ರಲ್ಲಿ ಹಾಕಿ ಇಂಡಿಯಾ ಎಂಬ ಹೊಸ ಸಂಸ್ಥೆ ಹುಟ್ಟಿತು. 2010ರ ಜನವರಿಯಲ್ಲಿ ಪುಣೆಯ ಶಿಬಿರದಲ್ಲಿದ್ದ ಆಟಗಾರರು ತಮಗೆ ಬರಬೇಕಾದ ಹಣಕ್ಕಾಗಿ ಅಭ್ಯಾಸ ನಿಲ್ಲಿಸಿ ಕೂತರು. ದೇಶಕ್ಕೆ ಎಂಟು ಒಲಿಂಪಿಕ್ ಚಿನ್ನ ತಂದ ಆಟದ ಸ್ಥಿತಿ ಇದು. ಸುನಿಲ್ ಅವರ ಆಟದ ಬದುಕನ್ನು ಈ ಹಿನ್ನೆಲೆಯಲ್ಲಿಟ್ಟೇ ಓದಬೇಕು. ಅವರು ಬೆಳೆದದ್ದು ಭಾರತದ ಹಾಕಿ ಅತ್ಯಂತ ಕೆಳಗಿಳಿದಿದ್ದ ವರ್ಷಗಳಲ್ಲಿ.

2009ರ ಸುಲ್ತಾನ್ ಅಜ್ಲಾನ್ ಷಾ ಕಪ್ ಮಲೇಷ್ಯಾದ ಇಪೋದಲ್ಲಿ ನಡೆಯಿತು. ಟೂರ್ನಿ ನಡೆಯುತ್ತಿದ್ದಾಗಲೇ ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿ ಸುನಿಲ್‌ಗೆ ಬಂತು. ಇಪ್ಪತ್ತೂ ತುಂಬದ ಮಗ ತಂಡದೊಂದಿಗೇ ಉಳಿದರು. ಫೈನಲಿನಲ್ಲಿ ಆತಿಥೇಯ ಮಲೇಷ್ಯಾವನ್ನು 3–1ರಿಂದ ಮಣಿಸಿ ಭಾರತ 1995ರ ಬಳಿಕ ಮೊದಲ ಸಲ ಆ ಕಪ್ ಗೆದ್ದಿತು. ತಂದೆಯ ಹೆಸರು ಮಗನ ಹೆಸರಿನೊಳಗೇ ಇದೆ; ಎಸ್. ವಿ. ಎಂಬ ಎರಡು ಅಕ್ಷರಗಳಲ್ಲಿ ಊರಿನ ಪಕ್ಕದಲ್ಲಿ ನಿಂತಿರುವುದು ವಿಠಲಾಚಾರ್ಯರೇ.

ಸುನಿಲ್ ಅವರ ಶಕ್ತಿಯೇ ಓಟ. ಬಲ ಅಂಚಿನಲ್ಲಿ ಚೆಂಡು ಸಿಕ್ಕರೆ ಎದುರಾಳಿಯ ಎಡಗಡೆಯ ರಕ್ಷಕನನ್ನು ಓಡಿಯೇ ಹಿಂದೆ ಹಾಕಿ, ಅಡಿಗೆರೆಯ ತನಕ ಹೋಗಿ, ಅಲ್ಲಿಂದ ಚೆಂಡನ್ನು ವೃತ್ತದೊಳಕ್ಕೆ ತಿರುಗಿಸುತ್ತಿದ್ದರು. ಆಟದ ನಿಯಮಗಳೂ ಅವರ ಕಾಲದಲ್ಲಿ ಇಂಥ ಓಟಗಾರರ ಕಡೆಗೇ ವಾಲಿದವು. ಆಫ್‌ಸೈಡ್ 1990ರ ದಶಕದಲ್ಲೇ ಹೋಗಿತ್ತು. 2009ರಿಂದ, ಫ್ರೀ ಹಿಟ್ ಸಿಕ್ಕವನು ಇನ್ನೊಬ್ಬನಿಗೆ ಚೆಂಡು ಕೊಡದೆ ತಾನೇ ಮುನ್ನುಗ್ಗಬಹುದು ಎಂದಾಯಿತು. 2014ರಲ್ಲಿ 35 ನಿಮಿಷಗಳ ಎರಡು ಅವಧಿ ಹೋಗಿ 15 ನಿಮಿಷಗಳ ನಾಲ್ಕು ಅವಧಿ ಬಂದವು. ಆಟಗಾರರು ಎಷ್ಟು ಸಲ ಬೇಕಾದರೂ ಹೊರಬಂದು ಒಳಹೋಗಬಹುದಾದ್ದರಿಂದ, ಮುಂಪಡೆಯವರು ಅಂಗಳದಲ್ಲಿದ್ದಷ್ಟು ಹೊತ್ತೂ ಪೂರ್ಣ ವೇಗದಲ್ಲಿ ಓಡಬೇಕಾಯಿತು. ಆ ವೇಗಕ್ಕೆ ಹೇಳಿ ಮಾಡಿಸಿದಂತಿದ್ದರು ಸುನಿಲ್.

72 ಗೋಲು ಎಂಬ ಅಂಕಿಯನ್ನೂ ಇದರ ಜೊತೆಗೇ ನೋಡಬೇಕು. 264 ಪಂದ್ಯಕ್ಕೆ ಅದು ಅಪಾರ ಸಂಖ್ಯೆಯಲ್ಲ. ಆದರೆ ಅಂಚಿನಿಂದ ನುಗ್ಗಿದವನನ್ನು ತಡೆಯಲು ಹೋಗಿ ವೃತ್ತದೊಳಗೆ ರಕ್ಷಕನ ಕಾಲಿಗೆ ಚೆಂಡು ತಗುಲಿದರೆ ಸಿಗುವುದು ಪೆನಾಲ್ಟಿ ಕಾರ್ನರ್. ಅದನ್ನು ಗೋಲಾಗಿಸುವುದು ಡ್ರ್ಯಾಗ್ ಫ್ಲಿಕ್ ಹೊಡೆಯುವವರು. ಅದೇ ಕಾಲದಲ್ಲಿ ಭಾರತಕ್ಕೆ ಆ ಕೆಲಸ ಮಾಡುತ್ತಿದ್ದವರಲ್ಲಿ ಕೊಡಗಿನವರೇ ಆದ ವಿ. ಆರ್. ರಘುನಾಥ್ ಒಬ್ಬರು. ಗೋಲು ಅವರ ಖಾತೆಗೆ ಹೋಗುತ್ತದೆ. ಕಾರ್ನರ್ ಗಳಿಸಿಕೊಟ್ಟವನ ಹೆಸರು ಅಂಕಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಬಲ ಅಂಚಿನ ಆಟಗಾರನನ್ನು ಗೋಲುಗಳಿಂದ ಅಳೆಯುವುದು ಅನ್ಯಾಯ.

ಲಂಡನ್ ಒಲಿಂಪಿಕ್ಸ್ ದುಃಖದ ಅಧ್ಯಾಯ. ನೀಲಿ ಟರ್ಫಿನ ಮೇಲೆ ಭಾರತ ಆಡಿದ ಆರೂ ಪಂದ್ಯಗಳನ್ನು ಸೋತು ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನಕ್ಕೆ ಬಿತ್ತು. ಆ ಬಳಿಕ ಕೋಚ್‌ಗಳು ಬದಲಾಗುತ್ತಲೇ ಹೋದರು. ಮೈಕಲ್ ನಾಬ್ಸ್ ಹೋಗಿ ಟೆರ್ರಿ ವಾಲ್ಷ್, ಅವರ ನಂತರ ಪಾಲ್ ವಾನ್ ಆಸ್, ಬಳಿಕ ರೋಲೆಂಟ್ ಓಲ್ಟ್‌ಮನ್ಸ್, ಶೋರ್ಡ್ ಮರೈನ್, ಹರೇಂದ್ರ ಸಿಂಗ್, ಗ್ರಹಾಂ ರೀಡ್. ಒಬ್ಬೊಬ್ಬರ ಪದ್ಧತಿ ಒಂದೊಂದು ಬಗೆ. ಪ್ರತಿಯೊಬ್ಬರ ಎದುರೂ ಮತ್ತೆ ಮೊದಲಿನಿಂದ ತನ್ನ ಜಾಗ ಗಳಿಸಿಕೊಳ್ಳಬೇಕಾದ ಸ್ಥಿತಿಯಲ್ಲಿ ಸುನಿಲ್ ಉಳಿದುಕೊಂಡರು.

2014ರಲ್ಲಿ ಗಾಳಿ ತಿರುಗಿತು. ಇಂಚೆಯಾನ್ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಪಾಕಿಸ್ತಾನದೊಂದಿಗೆ 1–1 ಸಮಬಲವಾಗಿ, ಶೂಟೌಟಿನಲ್ಲಿ ಭಾರತ 4–2ರಿಂದ ಗೆದ್ದಿತು. ಹದಿನಾರು ವರ್ಷಗಳ ಬಳಿಕ ಬಂದ ಆ ಚಿನ್ನ ರಿಯೊಗೆ ನೇರ ದಾರಿ ತೆರೆಯಿತು. ಆ ತಂಡದಲ್ಲಿ ಸುನಿಲ್ ಜೊತೆ ರಘುನಾಥ್, ಎಸ್. ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಇದ್ದರು. ಕೊಡಗಿನ ಹಾಕಿಗೆ ಅದು ಹೆಮ್ಮೆಯ ವರ್ಷ.

2016 ಅವರ ಆಟದ ಶಿಖರ. ಲಂಡನ್ನಿನ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ಮೊದಲ ಸಲ ಫೈನಲ್ ತಲುಪಿತು. ಆಸ್ಟ್ರೇಲಿಯಾದ ಎದುರು ಗೋಲಿಲ್ಲದೆ ಸಮಬಲವಾಗಿ, ಶೂಟೌಟಿನಲ್ಲಿ ಸೋತು ಬೆಳ್ಳಿ ಪಡೆಯಿತು. 1978ರಲ್ಲಿ ಆರಂಭವಾದ ಆ ಟೂರ್ನಿಯಲ್ಲಿ ಅದುವರೆಗೆ ಭಾರತಕ್ಕೆ ಸಿಕ್ಕಿದ್ದು 1982ರ ಒಂದು ಕಂಚು ಮಾತ್ರ. ಕೆಲವೇ ವಾರಗಳ ಬಳಿಕ ರಿಯೊದಲ್ಲಿ ಗೋಲ್‌ಕೀಪರ್ ಪಿ. ಆರ್. ಶ್ರೀಜೇಶ್ ನಾಯಕ, ಸುನಿಲ್ ಉಪನಾಯಕ. ಕ್ವಾರ್ಟರ್ ಫೈನಲಿನಲ್ಲಿ ಬೆಲ್ಜಿಯಂ ಎದುರು ಮೊದಲು ಗೋಲು ಹೊಡೆದೂ 1–3ರಿಂದ ಸೋತು ಭಾರತ ಎಂಟನೆಯದಾಯಿತು. ಆ ವರ್ಷದ ಆಟಕ್ಕಾಗಿ ಏಷ್ಯನ್ ಹಾಕಿ ಫೆಡರೇಷನ್ ಸುನಿಲ್ ಅವರನ್ನು ವರ್ಷದ ಶ್ರೇಷ್ಠ ಆಟಗಾರನೆಂದು ಆರಿಸಿತು. ಹಾಕಿ ಇಂಡಿಯಾ ಲೀಗ್‌ನಲ್ಲಿ ಅವರು ಪಂಜಾಬ್ ವಾರಿಯರ್ಸ್ ಪರ ಆಡುತ್ತಿದ್ದರು.

2017ರ ಅಕ್ಟೋಬರ್‌ನಲ್ಲಿ ಢಾಕಾದ ಏಷ್ಯಾ ಕಪ್‌ಗೆ ಮನ್‌ಪ್ರೀತ್ ಸಿಂಗ್ ನಾಯಕ, ಸುನಿಲ್ ಉಪನಾಯಕ. ಮಲೇಷ್ಯಾವನ್ನು 2–1ರಿಂದ ಸೋಲಿಸಿ ಭಾರತ ಗೆದ್ದಿತು. ಹತ್ತು ವರ್ಷಗಳ ಅಂತರದಲ್ಲಿ ಅದೇ ಕಪ್ ಅವರ ಕೈಗೆ ಎರಡನೆಯ ಸಲ ಬಂತು. ಡಿಸೆಂಬರ್‌ನಲ್ಲಿ ಭುವನೇಶ್ವರದ ವಿಶ್ವ ಲೀಗ್ ಫೈನಲ್‌ನ ಕಂಚಿನ ಪಂದ್ಯದಲ್ಲಿ ಜರ್ಮನಿಯ ಎದುರು ಭಾರತದ ಮೊದಲ ಗೋಲು ಅವರದೇ. ಪಂದ್ಯ 2–1ರಿಂದ ಭಾರತದ್ದಾಯಿತು. 2018ರಲ್ಲಿ ಬ್ರೆಡಾದ ಚಾಂಪಿಯನ್ಸ್ ಟ್ರೋಫಿ ಬೆಳ್ಳಿ, ಜಕಾರ್ತಾ ಏಷ್ಯನ್ ಕೂಟದ ಕಂಚು ಬಂದವು. ಆದರೆ ಅದೇ ವರ್ಷದ ಕೊನೆಗೆ ತಾಯ್ನಾಡಿನಲ್ಲೇ ನಡೆದ ವಿಶ್ವಕಪ್ ಮೊಣಕಾಲಿನ ಗಾಯದಿಂದ ಕೈತಪ್ಪಿತು. ವೇಗವೇ ಬಂಡವಾಳವಾದ ಆಟಗಾರನಿಗೆ ಮೊಣಕಾಲಿನ ನೋವು ಎಂದರೆ ಏನೆಂದು ಹೇಳಬೇಕಿಲ್ಲ.

ಅವರು ಮರಳಿ ಬಂದರು. 2019ರ ನವೆಂಬರ್‌ನಲ್ಲಿ ಭುವನೇಶ್ವರದಲ್ಲಿ ರಷ್ಯಾ ಎದುರಿನ ಎರಡು ಪಂದ್ಯಗಳ ಒಲಿಂಪಿಕ್ ಅರ್ಹತಾ ಸುತ್ತಿನ ಮೊದಲ ಪಂದ್ಯವನ್ನು ಭಾರತ 4–2ರಿಂದ ಗೆದ್ದಾಗ ಒಂದು ಗೋಲು ಸುನಿಲ್ ಅವರದು. ಟೋಕಿಯೊಗೆ ಹೋಗುವ ದಾರಿ ಮಾಡಿಕೊಟ್ಟವರಲ್ಲಿ ಒಬ್ಬರಾಗಿದ್ದರೂ ಟೋಕಿಯೊಗೆ ಹೊರಟ ತಂಡದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. 2021ರ ಆಗಸ್ಟ್ 5ರಂದು ಜರ್ಮನಿಯನ್ನು 5–4ರಿಂದ ಮಣಿಸಿ ಭಾರತ 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ಪಡೆಯಿತು. ಆ ಕಂಚಿನ ಹಿಂದೆ ಲಂಡನ್ನಿನ ಹನ್ನೆರಡನೆಯ ಸ್ಥಾನದಿಂದ ತಂಡವನ್ನು ಮೇಲೆತ್ತುತ್ತ ಬಂದ ಆಟಗಾರರ ದುಡಿಮೆಯಿದೆ. ಅವರಲ್ಲಿ ಸುನಿಲ್ ಹೆಸರನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. 2021ರ ಅಕ್ಟೋಬರ್ 1ರಂದು ಅವರು ನಿವೃತ್ತಿ ಪ್ರಕಟಿಸಿದರು.

ಎಂಟು ತಿಂಗಳೊಳಗೆ ಮತ್ತೆ ಕರೆ ಬಂತು. 2022ರ ಮೇ ತಿಂಗಳಲ್ಲಿ ಜಕಾರ್ತಾದ ಏಷ್ಯಾ ಕಪ್‌ಗೆ ಭಾರತ ಬಹುತೇಕ ಹೊಸಬರ ತಂಡವನ್ನು ಕಳಿಸಿತು. ನಾಯಕನಾಗಬೇಕಿದ್ದ ರೂಪಿಂದರ್ ಪಾಲ್ ಸಿಂಗ್ ಗಾಯಗೊಂಡರು. ಬೀರೇಂದ್ರ ಲಾಕ್ರಾ ನಾಯಕರಾದರು, 33ರ ಸುನಿಲ್ ಉಪನಾಯಕ. ಮುಂದಿನ ಹಂತಕ್ಕೇರಲು ಇಂಡೊನೇಷ್ಯಾವನ್ನು ಕನಿಷ್ಠ 15 ಗೋಲುಗಳ ಅಂತರದಿಂದ ಸೋಲಿಸಬೇಕಿತ್ತು. ಹುಡುಗರು 16–0ರಿಂದ ಗೆದ್ದರು. ಕೊರಿಯಾದೊಂದಿಗೆ 4–4 ಸಮಬಲವಾಗಿ, ಗೋಲು ಅಂತರದಲ್ಲಿ ಫೈನಲ್ ತಪ್ಪಿತು. ಜಪಾನನ್ನು 1–0ರಿಂದ ಸೋಲಿಸಿ ತಂಡ ಕಂಚು ತಂದಿತು. ಹೀಗೆ ಏಷ್ಯಾ ಕಪ್‌ನಲ್ಲಿ ಸುನಿಲ್ ಗೆದ್ದ ಪದಕಗಳು ಹದಿನೈದು ವರ್ಷಗಳ ಉದ್ದಕ್ಕೆ ಹರಡಿಕೊಂಡಿವೆ.