ಶಾಲೆಯ ದಾಖಲೆಯಲ್ಲಿ ಉಳಿದ ಊರುಗಳು

ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬೆಯ ಜಾತ್ರೆ ನೆರೆಯುವಾಗ, ತವರುಮನೆಯ ಗುಡಿಯಲ್ಲಿ ಉಡಿ ತುಂಬಿಸಿಕೊಂಡ ದೇವಿಯು ಗಂಡನ ಮನೆಯ ಗುಡಿಗೆ ಮೆರವಣಿಗೆಯಲ್ಲಿ ಬಿಜಯಂಗೈಯುವ ಆ ದಿನಗಳಲ್ಲಿ, ದೂರದೂರಿಗೆ ಕೊಟ್ಟ ಹೆಣ್ಣುಮಕ್ಕಳು ಮೊದಲ್ಗೊಂಡು ಉದ್ಯೋಗನಿಮಿತ್ತವಾಗಿ ಬೆಂಗಳೂರು ಮುಂಬಯಿಗಳನ್ನು ಸೇರಿ ಅಲ್ಲಿಯೇ ಮನೆಮಾಡಿದವರ ತನಕ, ಊರಿನ ಋಣವುಳ್ಳವರೆಲ್ಲರೂ ಒಮ್ಮೆ ಮರಳಿ ಬರುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಹಾಗೆ ಬಂದವರು ಹಣ್ಣುಕಾಯಿ ಮಾಡಿಸಿ, ಮೊಮ್ಮಕ್ಕಳನ್ನು ಜಾತ್ರೆಯ ತೊಟ್ಟಿಲಲ್ಲಿ ಕೂರಿಸಿ, ನೆಂಟರ ಮನೆಗಳಲ್ಲಿ ಉಂಡು, ಕಡೆಗೆ ಯಾರೂ ಕರೆಯದಿದ್ದರೂ ತಾವು ಅಕ್ಷರ ಕಲಿತ ಶಾಲೆಯ ಜಗಲಿಗೆ ಬಂದು ಕುಳಿತುಕೊಳ್ಳುತ್ತಾರೆ. ಈ ಕೂಟಕ್ಕೆ ಅಧ್ಯಕ್ಷರಿಲ್ಲ, ವಂತಿಗೆಯಿಲ್ಲ, ಹಾರತುರಾಯಿಗಳಿಲ್ಲ. ಯಾರ ಮಗಳಿಗೆ ಎಲ್ಲಿ ಸಂಬಂಧ ಕೂಡಿತು, ಯಾವ ಮನೆಯ ಹಿರಿಯರು ತೀರಿಕೊಂಡರು, ಯಾರ ತೋಟಕ್ಕೆ ಕೊಳೆರೋಗ ತಗುಲಿತು ಎಂಬ ಸುದ್ದಿಗಳು ಮೊದಲಾಗಿ, ಮಾತು ನಿಧಾನವಾಗಿ ಹಿಂದಕ್ಕೆ ಸರಿಯುತ್ತ ಸರಿಯುತ್ತ ಅಜ್ಜ ಮುತ್ತಜ್ಜಂದಿರನ್ನು ಮುಟ್ಟುತ್ತದೆ. ಆ ಹೊತ್ತಿಗೆ ಯಾರಾದರೊಬ್ಬರು ಎದ್ದು ಹೋಗಿ, ಮುಖ್ಯೋಪಾಧ್ಯಾಯರ ಕೋಣೆಯಿಂದ ಹಳೆಯ ದಾಖಲಾತಿ ಪುಸ್ತಕವನ್ನು ಕೇಳಿ ತರುತ್ತಾರೆ.

ಆ ಪುಸ್ತಕವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮಲೆನಾಡಿನ ಮಳೆಗಾಲದ ತೇವವನ್ನು ಎಷ್ಟೋ ವರ್ಷ ಕುಡಿದು ಅಂಚುಗಳು ಉಬ್ಬಿಹೋಗಿವೆ. ಬೆನ್ನಿಗೆ ಹಚ್ಚಿದ ಕೆಂಪು ಬಟ್ಟೆ ಬಣ್ಣಗೆಟ್ಟು ಅಡಕೆಯ ಚೊಗರಿನಂತೆ ಕಾಣುತ್ತದೆ. ಒಳಗಡೆ ಟಾಕಿನಿಂದ ಮಸಿಯಲ್ಲಿ ಅದ್ದಿ ಅದ್ದಿ ಬರೆದ ಅಕ್ಷರಗಳು, ಮಸಿ ತುಂಬಿದಲ್ಲಿ ದಪ್ಪವಾಗಿ, ಮುಗಿಯುತ್ತ ಬಂದಲ್ಲಿ ಸಪೂರವಾಗಿ, ಬರೆದವರ ಕೈ ಇನ್ನೂ ಚಲಿಸುತ್ತಿರುವಂತೆ ಭಾಸವಾಗುತ್ತವೆ. ಹುಡುಗನ ಹೆಸರು, ತಂದೆಯ ಇಲ್ಲವೆ ಪೋಷಕರ ಹೆಸರು, ಅವರ ವೃತ್ತಿ, ವಾಸಸ್ಥಳ, ಜಾತಿ, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ, ಬಿಟ್ಟದ್ದಕ್ಕೆ ಕಾರಣ, ಕೊನೆಯಲ್ಲಿ ಷರಾ. ಒಂದೊಂದು ಸಾಲಿನಲ್ಲಿಯೂ ಒಂದೊಂದು ಮನೆತನ ಅಡಗಿದೆ. ಹುಟ್ಟಿದ ತಾರೀಖಿನ ಅಂಕಣದಲ್ಲಿ ಜೂನ್ 1 ಎಂದೇ ಮೇಲಿಂದ ಕೆಳತನಕ ಇರುವುದನ್ನು ಕಂಡು ಹೊಸಬರು ಬೆರಗಾಗುವುದುಂಟು. ಮಗು ಹುಟ್ಟಿದ್ದು ಆರಿದ್ರೆಯ ಮಳೆಯಲ್ಲೋ, ಗೌರಿಹಬ್ಬದ ಹಿಂದುಮುಂದೋ ಎಂಬಷ್ಟೇ ಜ್ಞಾಪಕವಿದ್ದ ತಂದೆತಾಯಿಗಳ ಮುಂದೆ, ಬಲಗೈಯನ್ನು ತಲೆಯ ಮೇಲಿನಿಂದ ಬಳಸಿ ಎಡಗಿವಿ ಮುಟ್ಟುವಂತೆ ಹುಡುಗನಿಗೆ ಹೇಳಿ, ಮುಟ್ಟಿದರೆ ವಯಸ್ಸಾಯಿತೆಂದು ಗ್ರಹಿಸಿ, ಶಾಲೆ ತೆರೆಯುವ ತಿಂಗಳಿಗೆ ಹೊಂದುವ ಒಂದು ತಾರೀಖನ್ನು ಮೇಷ್ಟ್ರೇ ನಿಶ್ಚಯಿಸಿಬಿಡುತ್ತಿದ್ದರು. ತಂದೆತಾಯಿಗಳು ಕೊಟ್ಟದ್ದು ಹೆಸರು. ಜನ್ಮದಿನವನ್ನು ದಯಪಾಲಿಸಿದವರು ಗುರುಗಳು.

ಈ ಪುಸ್ತಕಗಳಿಗಿಂತ ಮುಂಚೆಯೂ ನಮ್ಮ ಸೀಮೆಯಲ್ಲಿ ವಿದ್ಯೆ ಇರಲಿಲ್ಲವೆಂದಲ್ಲ. ಕೆಳದಿ ಇಕ್ಕೇರಿಗಳ ಅರಸರು ಆಳಿದ ನೆಲ ಇದು. ಊರಿಗೆ ಈ ಹೆಸರು ಬಂದದ್ದು ಸದಾಶಿವನಾಯಕನ ಹೆಸರಿನ ಸದಾಶಿವಸಾಗರದಿಂದ ಎಂಬುದು ಪ್ರತೀತಿ. ಲೆಕ್ಕಪತ್ರ ಬಲ್ಲವರು, ಓಲೆ ಬರೆಯಬಲ್ಲವರು ಇಲ್ಲದೆ ಅಂಥ ರಾಜ್ಯ ನಡೆಯತಕ್ಕದ್ದಲ್ಲ. ಆದರೆ ಜನಸಾಮಾನ್ಯರ ಮಕ್ಕಳಿಗೆ ದೊರೆತದ್ದು ಕನ್ನಡ ನಾಡಿನ ಉಳಿದೆಡೆಗಳಂತೆ ಕೂಲಿಮಠದ ವಿದ್ಯೆ. ದೇವಸ್ಥಾನದ ನವರಂಗವೋ, ಅನುಕೂಲಸ್ಥರ ಮನೆಯ ಜಗಲಿಯೋ ಅದಕ್ಕೆ ಶಾಲೆ. ಐಗಳು ಎನ್ನಿಸಿಕೊಂಡ ಒಬ್ಬರೇ ಗುರು ಅದಕ್ಕೆ ಸರ್ವಸ್ವ. ನೆಲದ ಮೇಲೆ ಮರಳು ಹರಡಿ, ಹುಡುಗನ ಬೆರಳು ಹಿಡಿದು ಓನಾಮವನ್ನು ತಿದ್ದಿಸುವುದರಿಂದ ಪ್ರಾರಂಭ. ಮುಂದೆ ಮಗ್ಗಿ, ಬಾಯಿಲೆಕ್ಕ, ಕಂಠಪಾಠ. ಕೈ ನೆಟ್ಟಗಾದವರಿಗೆ ಕಡತ. ಹುಣಸೆಬೀಜವನ್ನು ಅರೆದು ಬೇಯಿಸಿದ ಸರಿಗೆ ಇದ್ದಿಲ ಪುಡಿಯನ್ನು ಕಲಸಿ, ಉದ್ದನೆಯ ಬಟ್ಟೆಗೆ ಎರಡು ಮಗ್ಗುಲೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟರೆ ಅದೇ ಕಡತ. ಬಳಪದಿಂದ ಬರೆದದ್ದು ಅದರ ಮೇಲೆ ಬೆಳ್ಳಗೆ ಮೂಡುತ್ತಿತ್ತು, ಬೇಡವಾದಾಗ ಒರೆಸಿ ಮತ್ತೆ ಕಪ್ಪು ಬಳಿದರೆ ಹೊಸದಾಗುತ್ತಿತ್ತು. ತಪ್ಪು ಮಾಡಿದವನನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆಯೂ ಅಲ್ಲಿತ್ತು. ಅದನ್ನು ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಮಹಾನವಮಿಯ ಸಮಯದಲ್ಲಿ ಐಗಳು ಹುಡುಗರ ದಂಡನ್ನು ಕಟ್ಟಿಕೊಂಡು, ಬಣ್ಣದ ಕೋಲು ಹಿಡಿಸಿ, ಮನೆಮನೆಯ ಬಾಗಿಲಲ್ಲಿ ಚೌಪದ ಹಾಡಿಸುತ್ತಿದ್ದ ಪದ್ಧತಿಯನ್ನು ನೆನೆದರೆ, ವಿದ್ಯೆಗೂ ಊರಿಗೂ ಇದ್ದ ಸಂಬಂಧ ಸ್ಪಷ್ಟವಾಗುತ್ತದೆ. ಮನೆಯವರು ಹುಡುಗರ ಕೈಗೆ ಕಡಲೆ ಬೆಲ್ಲವನ್ನೂ ಗುರುವಿನ ತಟ್ಟೆಗೆ ಕಾಣಿಕೆಯನ್ನೂ ಹಾಕುತ್ತಿದ್ದರು. ಯಾವ ಮನೆಯ ಮಗ ಏನು ಕಲಿತನೆಂಬುದು ಆ ದಿನ ಇಡೀ ಕೇರಿಗೆ ಗೊತ್ತಾಗುತ್ತಿತ್ತು.

1868ರಲ್ಲಿ ಮೈಸೂರು ಸಂಸ್ಥಾನದ ವಿದ್ಯಾಭ್ಯಾಸದ ಹೊಣೆ ಹೊತ್ತಿದ್ದ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಆಚರಣೆಗೆ ತಂದರು. ಇದೇ ರೈಸ್ ಮುಂದೆ ಸಂಸ್ಥಾನದ ಮೂಲೆಮೂಲೆಯ ಶಾಸನಗಳನ್ನು ಹುಡುಕಿಸಿ ಪ್ರಕಟಿಸಿದ ಪುಣ್ಯಾತ್ಮರು; ಸಾಗರ, ಸೊರಬ, ನಗರ, ತೀರ್ಥಹಳ್ಳಿಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿವೆ. ದಾನ ಕೊಟ್ಟ ಅರಸನ ಹೆಸರು, ಹೋರಾಡಿ ಮಡಿದ ವೀರನ ಹೆಸರು ಕಲ್ಲಿನ ಮೇಲೆ ಸಿಕ್ಕುತ್ತವೆ. ಗದ್ದೆ ಉತ್ತವನ ಮಗನ ಹೆಸರು ಹುಡುಕಬೇಕಾದರೆ ಅದೇ ಮಹನೀಯರು ನಾಂದಿ ಹಾಡಿದ ಶಾಲೆಗಳ ಪುಸ್ತಕಗಳಿಗೇ ಬರಬೇಕು. ನನ್ನ ಮಟ್ಟಿಗೆ ಇವೆರಡೂ ಒಂದೇ ಬಗೆಯ ಸಾಹಿತ್ಯ. ಇವೆರಡಕ್ಕೂ ಒಂದೇ ಬಗೆಯ ರಕ್ಷಣೆ ಸಲ್ಲತಕ್ಕದ್ದು.

ತಾಲ್ಲೂಕಿನ ಊರಿಗೆ ಮಿಡ್ಲಿಸ್ಕೂಲು ಬಂದಾಗ ಸುತ್ತಣ ಹಳ್ಳಿಗಳ ಹುಡುಗರು ಅಲ್ಲಿಗೆ ಬರತೊಡಗಿದರು. ಬರುವುದೆಂದರೆ ಸುಲಭವಲ್ಲ. ಜೂನ್ ತಿಂಗಳಿಂದ ಹಳ್ಳಗಳೆಲ್ಲ ತುಂಬಿ, ಅಡ್ಡಹಾಕಿದ ಮರದ ಸಂಕದ ಮೇಲೆ ಕಂಬಳಿಕೊಪ್ಪೆ ಹೊದ್ದು, ಪುಸ್ತಕದ ಚೀಲವನ್ನು ಎದೆಗೆ ಒತ್ತಿ ಹಿಡಿದು ದಾಟಬೇಕು. ಸಂಕ ಕೊಚ್ಚಿಹೋದ ದಿನ ಹಾಜರಿ ಪುಸ್ತಕದಲ್ಲಿ ಒಂದು ದಿಕ್ಕಿನ ಹುಡುಗರೆಲ್ಲರೂ ಗೈರುಹಾಜರಿ. ಅಡಕೆಯ ಕೊನೆ ಕೊಯ್ಲು ಬಂತೆಂದರೆ, ಸುಲಿಯಲು ಕೈ ಸಾಲದೆ ಮತ್ತೊಂದು ಸುತ್ತು ಗೈರುಹಾಜರಿ. ದೂರದವರಿಗೆ ಊರಲ್ಲಿಯೇ ಬಿಡಾರ. ನಾಲ್ವರು ಹುಡುಗರು ಸೇರಿ ಒಂದು ಕೋಣೆ ಹಿಡಿದು, ಮನೆಯಿಂದ ಅಕ್ಕಿ, ಉಪ್ಪಿನಕಾಯಿ, ಹಪ್ಪಳ ತಂದು ತಾವೇ ಬೇಯಿಸಿಕೊಳ್ಳುವುದು. ಅದಕ್ಕೂ ಗತಿಯಿಲ್ಲದವರಿಗೆ ವಾರಾನ್ನ.

ವಾರಾನ್ನದ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಏಕೆಂದರೆ ಈ ಜಗಲಿಯ ಮಾತುಕತೆಯಲ್ಲಿ ಕಣ್ಣು ತೇವವಾಗುವುದು ಬಹುತೇಕ ಅಲ್ಲಿಯೇ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಆಯಾ ದಿನ ಆಯಾ ಮನೆಯಲ್ಲಿ ಎರಡು ಹೊತ್ತು ಉಣ್ಣುವ ಹುಡುಗನಿಗೆ ಆ ಮನೆಯವರು ದಿನದ ಹೆಸರನ್ನೇ ಇಟ್ಟು ಕರೆಯುತ್ತಿದ್ದರು. ಕಳೆದ ಜಾತ್ರೆಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಾಗ, ಅವರಿಗಿಂತ ನಾಲ್ಕೈದು ವರ್ಷಕ್ಕೆ ಕಿರಿಯಳಾದ ಹೆಂಗಸೊಬ್ಬಳು ಹತ್ತಿರ ಬಂದು, ಬಹಳ ಹೊತ್ತು ಮುಖ ನೋಡಿ, "ನಮ್ಮನೆ ಗುರುವಾರದ ಮಾಣಿ ಅಲ್ದಾ ನೀನು, ಅಣ್ಣಯ್ಯಾ?" ಎಂದು ಕೇಳಿದಳು. ಅವರು ಎದ್ದು ನಿಂತು, "ಹೌದೇ ತಂಗಿ, ಅಮ್ಮ ಮಾಡ್ತಿದ್ದ ಒಂದೆಲಗದ ತಂಬುಳಿ ರುಚಿ ಇನ್ನೂ ನಾಲಗೆ ಮೇಲೆ ಇದ್ದು" ಎಂದರು. ಮುಂದೆ ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಆ ಮನೆಯವರೂ ಸಿರಿವಂತರಾಗಿರಲಿಲ್ಲವೆಂದೂ, ಗುರುವಾರ ತನಗೆ ಬಡಿಸಿದ ಮೇಲೆ ಆ ತಾಯಿ ಎಷ್ಟೋ ಸಲ ಬರಿಯ ಗಂಜಿ ಕುಡಿದು ಮಲಗುತ್ತಿದ್ದಳೆಂದೂ ಅವರು ಆಮೇಲೆ ನನಗೆ ಹೇಳಿದರು.

ಆದರೆ ಇಂಥ ಅನ್ನದ ಎಲೆ ಎಲ್ಲರಿಗೂ ಹಾಸಿರಲಿಲ್ಲ ಎಂಬುದನ್ನು ಮರೆಯುವುದು ಅನ್ಯಾಯ. ವಾರಾನ್ನ ನಡೆಯುತ್ತಿದ್ದುದು ಪ್ರಾಯಶಃ ಜಾತಿಯ ಬೇಲಿಯ ಒಳಗೆ. 1913ರಲ್ಲಿ ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವನ್ನು ಮಾಡಿತು, 1915ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಸರ್ಕಾರಿ ಶಾಲೆಗಳ ಬಾಗಿಲನ್ನು ತೆರೆಯಿತು. ಕಾಗದದ ಮೇಲೆ ತೆರೆದ ಬಾಗಿಲಿಗೂ ಮಗುವೊಂದು ಒಳಗೆ ಕಾಲಿಟ್ಟ ದಿನಕ್ಕೂ ನಡುವೆ ಎಷ್ಟು ಪುಟಗಳು ಉರುಳಿದವೆಂಬುದನ್ನು ಈ ಪುಸ್ತಕದ ಜಾತಿಯ ಅಂಕಣವೇ ಹೇಳುತ್ತದೆ. ಗೇಣಿದಾರರಾಗಿದ್ದ ದೀವರ ಮಕ್ಕಳ ಹೆಸರುಗಳು ಮೊದಮೊದಲು ಅಲ್ಲೊಂದು ಇಲ್ಲೊಂದು. ಸೇರಿದವರೂ ದನ ಕಾಯುವುದಕ್ಕೆಂದು ನಡುವೆಯೇ ಬಿಟ್ಟವರು. 1951ರಲ್ಲಿ ಸಮೀಪದ ಕಾಗೋಡಿನಲ್ಲಿ, ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ ಹುಟ್ಟಿದ ಸತ್ಯಾಗ್ರಹವು ಎಚ್. ಗಣಪತಿಯಪ್ಪನವರ ನಾಯಕತ್ವದಲ್ಲಿ ಬೆಳೆದು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದ ಕಥೆ ನಾಡಿಗೆಲ್ಲ ತಿಳಿದದ್ದು. ಆ ಹೋರಾಟದ ಫಲ ಭೂಶಾಸನಗಳಲ್ಲಿ ಎಷ್ಟಿದೆಯೆಂದು ವಿದ್ವಾಂಸರು ಲೆಕ್ಕ ಹಾಕಲಿ. ನಾನು ಕಂಡದ್ದು ಇಷ್ಟು: ತಂದೆಯ ವೃತ್ತಿಯ ಅಂಕಣದಲ್ಲಿ ಒಂದು ತಲೆಮಾರಿಗೆ 'ಗೇಣಿ' ಎಂದು ಬರೆದಿದ್ದ ಮನೆತನಕ್ಕೆ ಮುಂದಿನ ತಲೆಮಾರಿನಲ್ಲಿ 'ಸ್ವಂತ ವ್ಯವಸಾಯ' ಎಂದು ಬರೆದಿದೆ. ಬರೆದ ಮೇಷ್ಟ್ರ ಕೈ ಅಲ್ಲಿ ಸ್ವಲ್ಪ ಒತ್ತಿ ಬರೆದಂತಿದೆ. ನನ್ನ ಭ್ರಮೆಯಾದರೂ ಇರಬಹುದು.

ಬಿಟ್ಟದ್ದಕ್ಕೆ ಕಾರಣ ಎಂಬ ಅಂಕಣಕ್ಕೆ ಬಂದರೆ, ಬಡತನ, ತಂದೆಯ ಮರಣ, ಕಾಯಿಲೆ, ಹುಡುಗಿಯಾದರೆ ವಿವಾಹ, ಇವೇ ಮತ್ತೆ ಮತ್ತೆ ಬರುತ್ತವೆ. ಅರುವತ್ತರ ದಶಕದ ಪುಟಗಳಿಗೆ ಬಂದಾಗ ಬೇರೊಂದು ಶಬ್ದ ಕಾಣಿಸಿಕೊಂಡು, ಕೆಲವು ಪುಟಗಳಲ್ಲಿ ಸಾಲುಸಾಲಾಗಿ ಅದೊಂದೇ: ಮುಳುಗಡೆ.

ಶರಾವತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಜಲಾಶಯವನ್ನು ಕಟ್ಟಿ, 1948ರಲ್ಲಿ ಜೋಗದಲ್ಲಿ ವಿದ್ಯುತ್ತನ್ನು ಉತ್ಪಾದಿಸತೊಡಗಿದಾಗಲೇ ಒಂದಷ್ಟು ಊರುಗಳು ಎದ್ದುಹೋಗಿದ್ದವು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ, ಹಿಂದಿನ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತೆಂದರೆ, ಸುತ್ತಣ ಗದ್ದೆ, ತೋಟ, ಗುಡಿ, ಶಾಲೆಗಳ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ಪಾತ್ರೆಪಗಡಿ, ದನಕರುಗಳೊಡನೆ ಜನರನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ ಸೀಮೆಯ ಕಾಡುಗಳಲ್ಲಿ ಇಳಿಸಿದರು. ಅವರಲ್ಲಿ ಎಷ್ಟೋ ಕುಟುಂಬಗಳು ತಾವು ಉತ್ತ ನೆಲದ ಹಕ್ಕುಪತ್ರಕ್ಕಾಗಿ ಅರುವತ್ತು ವರ್ಷ ಕಳೆದರೂ ಅಲೆಯುತ್ತಿವೆ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಮಾಡುತ್ತ ಇದನ್ನು ಕಣ್ಣಾರೆ ಕಂಡ ನಮ್ಮೂರಿನ ನಾ. ಡಿಸೋಜ ಅವರು 'ದ್ವೀಪ', 'ಮುಳುಗಡೆ' ಮೊದಲಾದ ಕಾದಂಬರಿಗಳನ್ನು ಬರೆದು ಆ ಸಂಕಟಕ್ಕೆ ಶಾಶ್ವತವಾದ ರೂಪ ಕೊಟ್ಟರು. ನೀರಿನಾಚೆ ಉಳಿದ ತುಮರಿ ಕಡೆಯ ಜನ, 2025ರಲ್ಲಿ ಸೇತುವೆಯಾಗುವವರೆಗೂ, ಲಾಂಚ್ ಬರುವ ಹೊತ್ತನ್ನು ನೋಡಿಕೊಂಡು ಬಸುರಿಯನ್ನೂ ಬಾಣಂತಿಯನ್ನೂ ಶಾಲೆಯ ಮಕ್ಕಳನ್ನೂ ದಾಟಿಸಿದರು.

ಎದ್ದುಹೋದ ಊರಿನವರಿಗೆ ಮನೆ ತೋರಿಸಲು ಮನೆಯಿಲ್ಲ, ಗುಡಿ ತೋರಿಸಲು ಗುಡಿಯಿಲ್ಲ. ತಮ್ಮ ತಂದೆ ಇಂಥ ಊರಿನವನೇ ಹೌದೆಂದು ಕಚೇರಿಯಲ್ಲಿ ಸಾಬೀತುಮಾಡಬೇಕಾಗಿ ಬಂದಾಗ ಕೆಲವರು ಈ ಶಾಲೆಗೆ ಬಂದು, ವಾಸಸ್ಥಳದ ಅಂಕಣದ ನಕಲನ್ನು ಬರೆಸಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ. ಹಾಗೆ ಬಂದ ಒಬ್ಬ ಮುದುಕರು ಊರಿನ ಹೆಸರಿನ ಮೇಲೆ ಬೆರಳಿಟ್ಟು, ಬಹಳ ಹೊತ್ತು ತೆಗೆಯಲೇ ಇಲ್ಲ. ಗುಮಾಸ್ತನು ಬರೆಯುವುದನ್ನು ನಿಲ್ಲಿಸಿ ಕಾದುಕೊಂಡಿದ್ದನು.

ಕಳೆದ ಜಾತ್ರೆಯಲ್ಲಿ ಹಿರಿಯರೊಬ್ಬರ ಕೋರಿಕೆಯಂತೆ, ಶಾಲೆಯ ಚಿಕ್ಕ ವಯಸ್ಸಿನ ಮೇಡಂ ಒಬ್ಬರು ಮುಳುಗಡೆಗೆ ಹಿಂದಿನ ವರ್ಷದ ಒಂದು ಪುಟವನ್ನು ಹಾಜರಿ ಕೂಗುವಂತೆ ಓದಿದರು. ಇದ್ದವರು ಕೈಯೆತ್ತಿ "ಹಾಜರ್" ಎಂದರು. ಇಲ್ಲದವರ ಹೆಸರು ಬಂದಾಗ ಪಕ್ಕದವರು, ಆನಂದಪುರದ ಕಡೆ ಮಗನ ಮನೆಯಲ್ಲಿದ್ದಾನೆ, ತೀರಿಕೊಂಡು ಎಂಟು ವರ್ಷವಾಯಿತು, ಅವಳು ನನ್ನ ನಾದಿನಿ, ಕಾಲು ನೋವು, ಬರಲಾಗಲಿಲ್ಲ, ಎಂದು ಉತ್ತರ ಕೊಡುತ್ತ ಹೋದರು. ಮೇಡಂ ಅದೆಲ್ಲವನ್ನೂ ಬೇರೊಂದು ನೋಟುಪುಸ್ತಕದಲ್ಲಿ ಬರೆದುಕೊಂಡರು. ಒಂದೆರಡು ಹೆಸರುಗಳಿಗೆ ಯಾರೂ ಓಗೊಡಲಿಲ್ಲ. ಅವರು ಆ ಹೆಸರುಗಳನ್ನು ಇನ್ನೊಮ್ಮೆ ಕೂಗಿ, ಅವುಗಳ ಮುಂದೆ ಜಾಗ ಖಾಲಿ ಬಿಟ್ಟರು.

ಗುರುವಾರದ ಮಾಣಿಯ ಊರೂ ಮಡೆನೂರಿನ ಮಗ್ಗುಲಿನದೇ. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಜಗಲಿಯಿಂದ ಏಳುವಾಗ ಅವರು, ತನ್ನ ಅಮ್ಮನ ತಂಬುಳಿಯನ್ನು ಹೊಗಳಿಸಿಕೊಂಡ ಆ ತಂಗಿಯ ಕಡೆ ತಿರುಗಿ, ಏಪ್ರಿಲ್ ಕಡೆಯ ವಾರ ಕಟ್ಟೆ ಮೇಲೆದ್ದರೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿಬರೋಣವೆಂದೂ, ತಮ್ಮ ಮನೆ ಇದ್ದ ದಿಕ್ಕನ್ನು ತೋರಿಸುವೆನೆಂದೂ ಹೇಳಿದರು. ಅಷ್ಟರೊಳಗೆ ಮಳೆ ಹಿಡಿಯದಿದ್ದರೆ ಬರುತ್ತೇನೆಂದು ಅವಳು ಒಪ್ಪಿದಳು.